ಎಡಗಡೆಯ ಗುಂಡಿಗಳು

ಹೆಂಗಸರ ಬಟ್ಟೆ ಹೊಲಿದೇ ಹೆಸರಾದ ಆ ಮನೆಗೆ ಸಿಪಾಯಿಗಳ ಅಂಗಿ ಹೊಲಿಯುವ ಕೆಲಸ ಬಂದದ್ದು ಯುದ್ಧದ ಸಿನಿಮಾದವರಿಂದ. ಸೊಸೆ ಮಿಷನ್ ತುಳಿದಳು, ಅತ್ತೆ ಕಿಟಕಿ ಪಕ್ಕ ಕೂತು ಕಾಜಾ ಹೊಲಿದು ಗುಂಡಿ ಹಚ್ಚಿದರು. ಕಾಜಾ-ಗುಂಡಿ ಎಂದರೆ ಅತ್ತೆಯ ರಾಜ್ಯ. ಕಣ್ಣು ಮಂಜಾದರೂ ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಬಿಡುವವರಲ್ಲ.

ಅಂಗಿಗಳ ಗಂಟುಗಳು ವ್ಯಾನ್ ಹತ್ತಿ ಹೋದ ಮೇಲೆ, ಉಳಿದ ಒಂದು ಅಂಗಿಯನ್ನು ಮಡಚುವಾಗ ಸೊಸೆಯ ಕಣ್ಣು ಗುಂಡಿಗಳ ಮೇಲೆ ನಿಂತಿತು. ಗಂಡಸರ ಅಂಗಿಗೆ ಗುಂಡಿ ಬಲಕ್ಕಿರಬೇಕು. ಅತ್ತೆ ಅಭ್ಯಾಸಬಲದಿಂದ ಇಡೀ ಪಡೆಗೇ ಹೆಂಗಸರಂತೆ ಎಡಕ್ಕೆ ಹಚ್ಚಿಬಿಟ್ಟಿದ್ದರು! ಹೇಳಿದರೆ 'ನನ್ನ ಕೈ ಹೋಯಿತು' ಎಂದು ಮುದುಕಿ ಸೂಜಿ ಕೆಳಗಿಡುವುದು ಖಂಡಿತ. ಆಮೇಲೆ ಅವರ ದಿನ ಹೋಗುವುದಾದರೂ ಹೇಗೆ? ಸೊಸೆ ಬಾಯಿಗೆ ಹೊಲಿಗೆ ಹಾಕಿಕೊಂಡಳು.

ಸಿನಿಮಾ ಬಂತು. ಪತ್ರಿಕೆಯವರು ಹೊಗಳಿ ಅಟ್ಟಕ್ಕೇರಿಸಿದರು. ಒಬ್ಬನಂತೂ 'ಸಿಪಾಯಿಗಳ ಉಡುಪಿನ ಎಳೆಎಳೆಯಲ್ಲೂ ಸತ್ಯವಿದೆ' ಎಂದು ಬರೆದ.

"ನೋಡ್ಲೇಬೇಕು ಕಣೇ," ಎಂದು ಅತ್ತೆ ಹಟ ಹಿಡಿದರು.

ಸೊಸೆ ಜೀವ ಬಿಗಿಹಿಡಿದು ಕೂತಳು. ಆದರೆ ಪರದೆಯ ತುಂಬ ಬರೀ ಹೊಗೆ, ಕತ್ತಲೆ, ಕೆಸರು. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದೇ ತಿಳಿಯದು. ಹೊಡೆದಾಟ ನಿಂತಾಗಲೆಲ್ಲ ಸಿಪಾಯಿಗಳು ದೂರ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದರು. ಪಕ್ಕದ ಸೀಟಿನವನು ಆಗಲೇ ಗೊರಕೆ ಹೊಡೆಯುತ್ತಿದ್ದ, ಪುಣ್ಯವಂತ. ಒಮ್ಮೆ ಮಾತ್ರ ಸಾಯುತ್ತಿರುವ ಸಿಪಾಯಿಯ ಎದೆ ಪರದೆಯಗಲ ಬಂತು. ಸೊಸೆ ಕಣ್ಣು ಮುಚ್ಚಿ ತೆರೆದಳು. ಎದೆಯ ಮೇಲೆಲ್ಲ ಕೆಸರು ಮೆತ್ತಿತ್ತು, ಒಂದು ಗುಂಡಿಯೂ ಕಾಣಲಿಲ್ಲ. ಆ ಕೆಸರಿಗೆ ಮನಸ್ಸಿನಲ್ಲೇ ಕೈಮುಗಿದಳು.

"ಇದಕ್ಕಾ ಅಷ್ಟು ಹೊಗಳಿದ್ದು?" ಎಂದರು ಅತ್ತೆ, ಮೆಟ್ಟಿಲಿಳಿಯುತ್ತ. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು."

"ಬೇಜಾರಾಯ್ತಾ ಅತ್ತೆ?"

"ಸಿನಿಮಾ ದಂಡ. ಆದ್ರೆ ಜೀವ ತಣ್ಣಗಾಯ್ತು." ಅತ್ತೆ ಕಂಬಿ ಹಿಡಿದು ನಿಂತರು. "ಗುಂಡಿ ಎಲ್ಲಾ ಎಡಕ್ಕೆ ಹಚ್ಚಿಬಿಟ್ಟಿದ್ದೆ ಕಣೇ. ಗಂಟು ಹೋದ್ಮೇಲೆ ಹೊಳೀತು. ನಿನಗೆ ಗೊತ್ತಾದ್ರೆ ಕೆಲಸ ಬಿಡಿಸ್ತೀಯ ಅಂತ ಬಾಯಿ ಬಿಡ್ಲಿಲ್ಲ."

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನನಗೆ ಅವತ್ತೇ ಗೊತ್ತಿತ್ತು. ಹೇಳಿದ್ರೆ ನೀವೇ ಬಿಟ್ಟುಬಿಡ್ತೀರಿ ಅಂತ..."

"ಬಿಡೋದಾ? ಚೆನ್ನಾಗಿದೆ ನಿನ್ನ ಮಾತು!"

ಇಬ್ಬರೂ ಮೆಟ್ಟಿಲ ಮೇಲೇ ಕೂತು ನಕ್ಕರು. ಹೊರಗೆ ಬರುತ್ತಿದ್ದವರು, ಯುದ್ಧದ ಸಿನಿಮಾ ನೋಡಿ ಹೀಗೂ ನಗುವವರುಂಟೇ ಎಂದು ತಿರುತಿರುಗಿ ನೋಡಿದರು.

ಮರುದಿನ ಅತ್ತೆ ಎಂದಿನಂತೆ ಕಿಟಕಿ ಪಕ್ಕ ಕೂತರು. ಸೂಜಿ-ದಾರವನ್ನು ಸೊಸೆಯತ್ತ ಚಾಚಿದರು.

"ಪೋಣಿಸಿ ಕೊಡು."