ಮೂಡಗಾಳಿಗೆ ಕಾದದ್ದು

ಮೊನ್ನೆ ಸಂತೆಯಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತೆ. ಸೊಗಡು ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಅಂದಿತು. ಅವರೆಕಾಯಿಗೆ ಹೆದರುವ ಹೆಂಗಸನ್ನು ನೀವು ಕಂಡಿರಲಾರಿರಿ. ನಗಬೇಡಿ, ಸ್ವಲ್ಪ ಕೇಳಿ.

ಎಪ್ಪತ್ತರ ದಶಕದ ಮೊದಲಲ್ಲಿ ನೆಲಮಂಗಲದ ಕಡೆಯಿಂದ ತೂಬಗೆರೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಎಸ್ಸೆಸ್ಸೆಲ್ಸಿ ಪಾಸಾದವಳೆಂಬ ಜಂಬ ಬೇರೆ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಅತ್ತೆ ಬೆಳಗಾಗೆದ್ದು ಅಂಗಳಕ್ಕೆ ಬಂದು, ಒಂದು ಹಿಡಿ ಮಣ್ಣು ತೂರಿ, ಅವತ್ತಿನ ಗಾಳಿಯ ಹೆಸರು ಹೇಳುತ್ತಿದ್ದರು. ಸೂರ್ಯ ಹುಟ್ಟುವ ಕಡೆಯಿಂದ ಬಂದರೆ ಮೂಡಗಾಳಿ, ಮುಳುಗುವ ಕಡೆಯಿಂದ ಬಂದರೆ ಪಡುಗಾಳಿ. ಗಾಳಿಗಾಗಲಿ ಸೊಸೆಗಾಗಲಿ ಬಂದ ಕಡೆಯದೇ ಹೆಸರು. ನನ್ನನ್ನೂ ವರ್ಷಗಟ್ಟಲೆ 'ನೆಲಮಂಗಲದೋಳು' ಎಂದೇ ಕರೆದರು, ಅಪ್ಪ ಇಟ್ಟ ಹೆಸರು ದಂಡವಾಯಿತು.

ಅವರೆ ಕಾಯಿ ಕಟ್ಟುವ ಹೊತ್ತಿಗೆ ಮೂಡಗಾಳಿ ಬರಬೇಕು. ಆ ವರ್ಷ ಪಡುಗಾಳಿ ಬಿಡಲೇ ಇಲ್ಲ. ನಮ್ಮ ಹಿಪ್ಪುನೇರಳೆ ತೋಟದ ಪಡುವಲಿಗೆ ಮುನಿಶಾಮಪ್ಪನವರ ಅವರೆ ಹೊಲ. ಕಾಯಿಗೆ ಹುಳ ಬಿದ್ದು, ಅವರು ಔಷಧಿ ಡಬ್ಬ, ಪಂಪು ತಂದಿಟ್ಟಿದ್ದರು. ಆ ಗಾಳಿಯಲ್ಲಿ ಹೊಡೆದರೆ ವಿಷವೆಲ್ಲ ನಮ್ಮ ಸೊಪ್ಪಿನ ಮೇಲೆ. ನಮ್ಮ ಹುಳುಗಳೋ ಕೊನೆಯ ಸಲ ಪೊರೆ ಬಿಟ್ಟೆದ್ದು ಬಕಬಕ ಮೇಯುತ್ತಿದ್ದವು. ಒಂದು ಹೊತ್ತು ವಿಷದ ಸೊಪ್ಪು ತಿಂದರೆ ಅಷ್ಟೂ ಸಾಯುತ್ತವೆ.

ಹೇಳೋಣವೆಂದರೆ, ಬದುವಿನ ಹೊಂಗೆಮರದ ಜಗಳದಲ್ಲಿ ಎರಡು ಮನೆಗೂ ಮಾತು ಬಿಟ್ಟಿತ್ತು.

"ನಾನೇ ಹೋಗಿ ಹೇಳ್ಬರ್ಲಾ ಅತ್ತೆ?" ಎಂದೆ.

"ಸುಮ್ಕಿರಮ್ಮ. ಮಾತು ಬಿಟ್ಟೋರ ಹೊಸ್ಲು ತುಳೀತಾರಾ?" ಎಂದವರೇ ಹಸು ಹಿಡಿದುಕೊಂಡು ಬದುವಿನ ತನಕ ಹೋದರು. "ನೋಡ್ದೇನೇ ಗೌರಿ, ಇವತ್ತೂ ಪಡುಗಾಳಿನೇ. ಔಷ್ದಿ ಹೊಡುದ್ರೆ ನಮ್ ಹುಳ ಉಳೀತಾವೇನೇ?" ಎಂದು ಅದರ ಕಿವಿಯಲ್ಲಿ ಊರಿಗೇ ಕೇಳುವಂತೆ ಕೂಗಿದರು.

ಅಯ್ಯೋ ದೇವರೇ, ಅತ್ತೆಗೆ ತಲೆ ಕೆಟ್ಟಿತು ಎಂದುಕೊಂಡೆ. ಆ ಕಡೆ ಮುನಿಶಾಮಪ್ಪನವರು ತಮ್ಮ ಎತ್ತಿನ ಬೆನ್ನು ತಟ್ಟಿ, "ನಮ್ಗೂ ಕಣ್ಣೈತೆ ಕಣ್ಲಾ ಬಸ್ವ. ಮೂಡಗಾಳಿ ತಿರುಗ್ಲಿ, ಆಮ್ಯಾಕೆ ನೋಡಾನ" ಎಂದರು. ಮಾತು ಬಿಟ್ಟವರು ಅಲ್ಲಿ ಮಾತಾಡುತ್ತಿದ್ದುದೇ ಹೀಗೆ.

ನನಗೆ ನಂಬಿಕೆ ಬರಲಿಲ್ಲ. ಎತ್ತಿಗೆ ಕೊಟ್ಟ ಮಾತು ಎಷ್ಟು ದಿನ ನಿಂತೀತು? ಸೊಪ್ಪು ಬಿಡಿಸುವಾಗ ಎಲೆ ಎಲೆಯನ್ನೂ ಮೂಸುತ್ತಿದ್ದೆ. ಪಂಪಿನ ಸದ್ದು ಕೇಳಿದಂತಾಗಿ ಎಲ್ಲ ಬಿಟ್ಟು ಓಡಿದರೆ, ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುತ್ತಿದ್ದರು. ಅತ್ತೆ ಮಣ್ಣು ತೂರುತ್ತಲೇ ಇದ್ದರು, ಅದು ಮೂಡಲಿಗೇ ಹಾರುತ್ತಲೇ ಇತ್ತು.

ಕೊನೆಗೂ ಹುಳುಗಳು ಹಣ್ಣಾಗಿ, ಮೇಯುವುದು ಬಿಟ್ಟು ಗೂಡು ಕಟ್ಟಿದವು. ಮೂಡಗಾಳಿ ಬಂದದ್ದು ಅದಾದ ಮೇಲೆ. ಬದುವಿನಾಚೆ ನೋಡಿದರೆ ಅವರೆಕಾಯೆಲ್ಲ ತೂತು. ಆ ಬೆಳಗ್ಗೆ ಅತ್ತೆ ಹಸುವನ್ನು ಕೊಟ್ಟಿಗೆಯಲ್ಲೇ ಬಿಟ್ಟು ಬದು ದಾಟಿದರು. ನಾನೂ ಹಿಂದೆಯೇ ಹೋದೆ.

"ಏನಪ್ಪಾ ಮುನಿಶಾಮಿ, ಕಾಯೆಲ್ಲ ಹೋಯ್ತಲ್ಲಪ್ಪಾ."

"ಹೋಗ್ಲಿ ಬುಡಕ್ಕ. ಗಾಳಿ ನಿಮ್ಮನೆ ಕಡೀಕಿತ್ತು" ಎಂದರು ಅವರು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಈಗಲೂ ಗಾಳಿ ಎದ್ದರೆ ಮೊದಲು ಅದು ಬಂದ ದಿಕ್ಕು ನೋಡಿ ಹೆಸರು ಹೇಳುತ್ತೇನೆ. ಆಮೇಲೆ ಅದಕ್ಕೆ ಬೆನ್ನು ಕೊಟ್ಟು ನಿಂತು, ಅದು ಹೋಗುವ ಕಡೆ ಯಾರ ಮನೆಯಿದೆ ಎಂದು ನೋಡುತ್ತೇನೆ.