ಘಣಸೋಲಿ ಗುಡ್ಡದ ಹೊಡೆದಾಟ

ಮಳೆಗಾಲ ಹಿಡಿಯಿತೆಂದರೆ ಭಾನುವಾರ ನನಗೂ ಅತ್ತಿಗೆಗೂ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಅಣ್ಣ ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಭಾನುವಾರ ಅವನಿಗೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ಹಾಗಾಗಿ ನಾವು ಹೆಂಗಸರಿಬ್ಬರೇ ಹೊರಡುತ್ತಿದ್ದೆವು. ಖಾರ್ಘರ್‌ನ ಪಾಂಡವಕಡಾ ಜಲಪಾತವನ್ನು ದೂರದಿಂದ ನೋಡಿದ್ದೆವು, ಬದ್ಲಾಪುರದ ಆಚೆ ಕೊಂಡೇಶ್ವರದ ಹೊಂಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು, ಠಾಣೆ ಪಟ್ಟಣದ ಯೇವೂರು ಕಾಡಿನಲ್ಲಿ ದಾರಿ ತಪ್ಪಿ ಗಾರ್ಡಿನಿಂದ ಬೈಸಿಕೊಂಡಿದ್ದೆವು. ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು, ಉಡುಪಿ ಕಡೆ ಹೊಳೆಯ ಬದಿಯಲ್ಲಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಲ್ಲಿ ನೀರು ಬಿಟ್ಟರೆ ಬೇರೆ ನೀರೇ ಕಂಡಿಲ್ಲ ಎಂದು ಗೊಣಗುತ್ತಿದ್ದಳು. ಜಲಪಾತಕ್ಕೆ ಬೆನ್ನು ಕೊಟ್ಟು ನಿಂತಳೆಂದರೆ ಅವಳನ್ನು ಹೊರಗೆ ಕರೆಯುವುದೇ ಕಷ್ಟ.

ಆ ಭಾನುವಾರ ಹತ್ತಿರದ್ದೇ ಸಾಕೆಂದು ನಮ್ಮ ಘಣಸೋಲಿಯ ಹಿಂದಿನ ಗವಳಿದೇವ ಗುಡ್ಡಕ್ಕೆ ಹೋದೆವು. ಕಾರ್ಖಾನೆಗಳ ಸಾಲು ದಾಟಿ ಕೆಸರಿನ ಕಾಲುದಾರಿ ಹತ್ತಿದರೆ ಕರಿಬಂಡೆಯ ಮೇಲಿಂದ ನೀರು ಬೀಳುತ್ತದೆ. ಬೆಳಿಗ್ಗೆಯಾದ್ದರಿಂದ ಜನ ಕಡಿಮೆ. ಸ್ವಲ್ಪ ಮೇಲೆ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ ಕಡೆಯ ಗಂಡ ಹೆಂಡತಿ ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದರು. ನಮ್ಮ ಮಾತು ಕೇಳಿ ಹೆಂಗಸು, "ನೀವೂ ನಮ್ಮ ಕಡೆಯವರೇನ್ರೀ?" ಎಂದು ನಕ್ಕಳು. ಕೆಳಗೆ ಹೊಂಡದ ಬದಿಯಲ್ಲಿ ಮೂವರು ಗಂಡಸರು ಆಗಲೇ ಬಾಟಲಿ ಖಾಲಿ ಮಾಡಿ ಕೂತಿದ್ದರು.

ಅತ್ತಿಗೆ ನೀರಿನಡಿ ನಿಂತು ಐದು ನಿಮಿಷವೂ ಆಗಿರಲಿಲ್ಲ. ಮೂವರಲ್ಲಿ ಚೌಕಳಿ ಶರ್ಟಿನವನು ಮೊಬೈಲ್ ಎತ್ತಿ ಅವಳ ಒದ್ದೆ ಮೈಯನ್ನು ವಿಡಿಯೊ ಮಾಡುತ್ತಿರುವುದು ಕಂಡಿತು.

"ಅತ್ತಿಗೆ, ಬೇಡ, ಹೋಗುವ" ಎಂದೆ.

ಅವಳು ಕೇಳಲಿಲ್ಲ. ನೀರು ಸುರಿಸಿಕೊಂಡೇ ನೇರ ಅವನ ಎದುರು ಹೋಗಿ ನಿಂತಳು. "ಡಿಲೀಟ್ ಕರೋ."

"ಫಿರ್ ಸೇ ಭೀಗೋ ನಾ ಭಾಭಿ, ಅಚ್ಛಾ ವಾಲಾ ಬನಾತೇ ಹೈ" ಎಂದ, ಇನ್ನೊಮ್ಮೆ ನೆನೆದರೆ ಇನ್ನೂ ಚೆನ್ನಾಗಿ ತೆಗೆಯುತ್ತಾನಂತೆ. ಉಳಿದಿಬ್ಬರು ಕೇಕೆ ಹಾಕಿದರು.

ಅತ್ತಿಗೆ ಮೊಬೈಲ್ ಕಿತ್ತುಕೊಂಡು ಬಂಡೆಗೆ ಅಪ್ಪಳಿಸಿದಳು. ಗಾಜು ಪುಡಿಯಾಯಿತು. ಮರುಕ್ಷಣ ಅವನ ಕೈ ಅವಳ ಕೆನ್ನೆಗೆ ಬಿತ್ತು. ಅವಳು ಎಡಗೈ ಊರಿ ಹೊಂಡಕ್ಕೆ ಬಿದ್ದಳು. ಮೂಳೆ ಮುರಿದ ಶಬ್ದ ನೀರಿನ ಸದ್ದಿನ ನಡುವೆಯೂ ಕೇಳಿತು. ಅಷ್ಟಕ್ಕೆ ಬಿಡಲಿಲ್ಲ. ಜಡೆ ಹಿಡಿದು ಮುಖವನ್ನು ನೀರಿಗೆ ಒತ್ತಿದ. ಅವಳ ಕಾಲುಗಳು ಬಡಿದುಕೊಳ್ಳತೊಡಗಿದವು.

ನಾನು ಯೋಚನೆ ಮಾಡಿದ ನೆನಪಿಲ್ಲ. ಬ್ಯಾಗಿನಲ್ಲಿ ತುಂಬಿದ ಸ್ಟೀಲ್ ಬಾಟಲಿ ಇತ್ತು. ಅದರ ಕುತ್ತಿಗೆ ಹಿಡಿದು ಬೀಸಿದೆ. ಅವನ ಕಿವಿಗೆ ತಾಗಿತು. ತಿರುಗಿದ. ಎರಡನೆಯದು ಬಾಯಿಗೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ನನ್ನದೇ ದುಪಟ್ಟಾವನ್ನು ಕೊರಳಿಗೆ ಸುತ್ತಿ ಎಳೆದ. ಕಣ್ಣು ಕತ್ತಲೆಗಟ್ಟಿತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ.

"ಏ ಬಾಡ್ಯಾ! ಹೆಣ್ಮಕ್ಕಳ ಮ್ಯಾಲ ಕೈ ಮಾಡ್ತೀಯೇನೋ!"

ಮೇಲಿನಿಂದ ಕಲ್ಲೊಂದು ಹಾರಿಬಂದು ಅವನ ಭುಜಕ್ಕೆ ಬಿತ್ತು. ಕೊರಳ ಬಿಗಿ ಸಡಿಲವಾಯಿತು. ಕಲಬುರಗಿಯ ಹೆಂಗಸು ಸೆರಗಿನಲ್ಲಿ ಕಲ್ಲು ತುಂಬಿಕೊಂಡು ಒಂದರ ಹಿಂದೊಂದು ಎಸೆಯುತ್ತ ಇಳಿಯುತ್ತಿದ್ದಳು. ಗಂಡನ ಕೈಯಲ್ಲಿ ಮುರಿದ ಹಸಿ ಕೊಂಬೆ. ಅವನು ಬಾಯಿ ಬಿಡದೆ ಹೊಡೆಯುತ್ತಿದ್ದ. ಒಬ್ಬ ಮುಳ್ಳುಪೊದೆಯೊಳಗೆ ಉರುಳಿ ಎದ್ದು ಓಡಿದ, ಇನ್ನೊಬ್ಬ ಚಪ್ಪಲಿ ಬಿಟ್ಟು ಅವನ ಹಿಂದೆ.

ಚೌಕಳಿ ಶರ್ಟಿನವನು ಮಾತ್ರ ಮಂಡಿಯೂರಿ ಬಾಯಿ ಹಿಡಿದುಕೊಂಡು ಕೂತಿದ್ದ. ಅತ್ತಿಗೆ ಕೆಮ್ಮುತ್ತ ನೀರಿನಿಂದ ಮೇಲೆ ಬಂದಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಅವನನ್ನು ಕೆಡವಿ ಎದೆಯ ಮೇಲೆ ಕೂತು ಹೊಡೆದೆ. ಬಾಟಲಿ ತಗ್ಗು ಬಿದ್ದಿತ್ತು. ಬಂಡೆಯ ಮೇಲೆ ಹಲ್ಲೊಂದು ಬಿದ್ದಿತ್ತು. ಅವನು ಕೈ ಮುಗಿಯುತ್ತಿದ್ದ. ಅದು ಕಾಣುತ್ತಿತ್ತು, ಆದರೂ ಕೈ ಏಳುತ್ತಿತ್ತು.

ನನ್ನನ್ನು ಎಳೆದವಳು ಅತ್ತಿಗೆಯೇ. ಎಡಗೈ ಜೋತಾಡುತ್ತಿತ್ತು, ಮೂಗಿನಿಂದ ರಕ್ತ. "ಸಾಕು ಮಾರಾಯ್ತಿ, ಸಾಯ್ತಾನೆ! ಬಿಡು!" ಎಂದು ಬಲಗೈಯಲ್ಲಿ ಬಾಟಲಿ ಕಿತ್ತು ನೀರಿಗೆ ಎಸೆದಳು.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಪೊಲೀಸ್ ಠಾಣೆಗೆ ಹೋದರೆ ಅವನು ನಮಗಿಂತ ಮೊದಲೇ ತಲೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಕೊಲ್ಲಲು ನೋಡಿದಳು ಎಂದು ನನ್ನ ಮೇಲೇ ದೂರು.

"ತಿಕಡೆ ಬಂದಿ ಆಹೆ, ಕಶಾಲಾ ಗೇಲಾತ್?" ಎಂದು ಹವಾಲ್ದಾರ ನಮ್ಮನ್ನೇ ಗದರಿಸಿದ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವುದೇ ನಿಷೇಧವಂತೆ. ಠಾಣೆಯ ಸಾಹೇಬರು ಸಮಾಧಾನದ ದನಿಯಲ್ಲಿ, ಇಬ್ಬರೂ ಕೈ ಕುಲುಕಿ ಮನೆಗೆ ಹೋಗಿ ಎಂದರು.

"ಕುಲುಕುವುದಕ್ಕೆ ಕೈ ಎಲ್ಲುಂಟು? ಇವನು ಮುರಿದಾಯ್ತಲ್ಲ" ಎಂದಳು ಅತ್ತಿಗೆ. ಸಾಹೇಬರಿಗೆ ನಾನೇ ಅದನ್ನು ಹಿಂದಿಯಲ್ಲಿ ಹೇಳಿದೆ. ಕೊರಳ ಮೇಲಿನ ದುಪಟ್ಟಾದ ಕೆಂಪು ಗುರುತನ್ನೂ ತೋರಿಸಿದೆ. ನಮ್ಮ ಜೊತೆಗೇ ಬಂದಿದ್ದ ಕಲಬುರಗಿಯ ಹೆಂಗಸು ಮೇಜಿನ ಹತ್ತಿರ ಸರಿದು, "ನಾ ಎಲ್ಲಾ ಕಣ್ಣಾರೆ ನೋಡೀನ್ರೀ. ಹೇಳ್ತೀನಿ, ಬರ್ಕೋರಿ" ಎಂದಳು. ಅವಳು ಹೇಳುತ್ತ ಹೋದಳು, ನಾನು ಹಿಂದಿಗೆ ತಿರುಗಿಸುತ್ತ ಹೋದೆ. ಸಾಹೇಬರು ಕೊನೆಗೆ ಬರೆದುಕೊಂಡರು.

ಮನೆಗೆ ಬಂದ ಅಣ್ಣ ಹೆಂಡತಿಯ ಕೈ ನೋಡಿ ಹುಚ್ಚನಂತಾದ. "ಯಾರವನು? ಹೋಟೆಲಿನ ಹುಡುಗರನ್ನು ಕರ್ಕೊಂಡು ಹೋಗಿ ಅವನ ಕೈಕಾಲು ಮುರೀತೇನೆ!"

"ಮುರಿದದ್ದು ಸಾಕು" ಎಂದಳು ಅತ್ತಿಗೆ ಮಲಗಿದಲ್ಲಿಂದಲೇ. "ಸ್ವಲ್ಪ ಗಂಜಿ ಬೇಯಿಸಿ ಕೊಡಿ."

ಆಮೇಲೆ ಎಷ್ಟೋ ವಾರ ಲೋಕಲ್ ರೈಲಿನಲ್ಲಿ ಯಾರ ಮೊಣಕೈ ತಾಗಿದರೂ ನನ್ನ ಬೆರಳುಗಳು ತಾವಾಗಿಯೇ ಮುಷ್ಟಿಯಾಗುತ್ತಿದ್ದವು. ನಿದ್ದೆಯಲ್ಲಿ ಮತ್ತೆ ಮತ್ತೆ ಹೊಡೆಯುತ್ತಿದ್ದೆ. ಆ ಕನಸಿನಲ್ಲಿ ಹೆದರಿಕೆ ಇರುತ್ತಿರಲಿಲ್ಲ, ಹಿತವಾಗಿರುತ್ತಿತ್ತು. ಹೆದರಿಕೆಯಾದದ್ದು ಆ ಹಿತಕ್ಕೆ. ಒಮ್ಮೆ ಅತ್ತಿಗೆಯ ತಲೆ ಬಾಚುತ್ತ ಅದನ್ನೇ ಹೇಳಿದೆ.

"ನೀರಿನೊಳಗೆ ಕೂಗ್ಲಿಕ್ಕೂ ಆಗ್ತಿರ್ಲಿಲ್ಲ ನನಗೆ" ಎಂದಳು ಅತ್ತಿಗೆ. "ಟಣ್ ಅಂತ ಒಂದು ಶಬ್ದ ಕೇಳಿತು ನೋಡು, ತಲೆ ಮೇಲಿನ ಕೈ ಹೋಯ್ತು. ಆ ಪೆಟ್ಟಿಗೆ ನೀನು ಬೇಜಾರು ಮಾಡ್ಬೇಡ. ಆಮೇಲಿನದಕ್ಕೆ ಬೇಕಾದ್ರೆ ಮಾಡು."

ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲಿಗೆ ವಯಸ್ಸಾದ ಹೆಂಗಸೊಬ್ಬಳು ಪೇಢೆಯ ಡಬ್ಬಿ ಹಿಡಿದು ಬಂದಳು. ಚೌಕಳಿ ಶರ್ಟಿನವನ ತಾಯಿ. ಜಾಮೀನಿನ ಮೇಲೆ ಹೊರಗಿದ್ದಾನೆ, ಕೆಲಸ ಹೋಯಿತು, ಕೇಸು ವಾಪಸು ತೆಗೆದುಕೊಳ್ಳಿ ಎಂದು ಮರಾಠಿಯಲ್ಲಿ ಒಂದೇ ಸಮನೆ ಒಪ್ಪಿಸಿದಳು. ಅತ್ತಿಗೆ ಚಹಾ ಮಾಡಿ ಮುಂದಿಟ್ಟು, "ತೆಗೆದುಕೊಳ್ಳುವುದಿಲ್ಲ ಅಮ್ಮ. ಚಹಾ ಕುಡಿಯಿರಿ" ಎಂದು ತನಗೆ ಬರುವ ಮರಾಠಿಯಲ್ಲೇ ಹೇಳಿದಳು.

ಮುದುಕಿ ಚಹಾ ಕುಡಿದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಮೆಟ್ಟಿಲ ಕಡೆ ಒಮ್ಮೆ ನೋಡಿ ಹಸಿರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದಳು. ಮಣಿಕಟ್ಟಿನ ಸುತ್ತ ನೀಲಿಗಟ್ಟಿದ ಬೆರಳಿನ ಗುರುತುಗಳು.

"ಅವನೇ ಕಳಿಸಿದ" ಎಂದಳು, ದನಿ ತಗ್ಗಿಸಿ. "ನಾನು ಕೇಳಿದೆ ಅಂತ ಅವನಿಗೆ ಹೇಳ್ತೀನಿ. ನೀವು ಮಾತ್ರ ವಾಪಸು ತಗೋಬೇಡಿ."

ಅತ್ತಿಗೆ ಅವಳ ಜೊತೆ ಕೆಳಗಿಳಿದು ರಿಕ್ಷಾ ಹತ್ತಿಸಿ ಬಂದಳು. ಕೇಸು ಇನ್ನೂ ನಡೆಯುತ್ತಿದೆ, ಅವನು ನನ್ನ ಮೇಲೆ ಹಾಕಿದ್ದೂ ನಡೆಯುತ್ತಿದೆ. ಕೋರ್ಟಿನ ಪ್ರತಿ ತಾರೀಖಿಗೂ ನಾವಿಬ್ಬರೂ ಹೋಗುತ್ತೇವೆ.