ಅಮರಮ್ಮ ಟೀಚರ್ ಖಾಲಿ ಬಿಟ್ಟ ಗುಳ್ಳೆಗಳು

ಮಸ್ಕಿಯ ಅಮರಮ್ಮನಿಗೆ ಸಿಂಧನೂರಿನ ಹೊರಗೆ ವಲಸೆ ಬಂದವರು ನೆಲೆಸಿದ ಒಂದು ಕ್ಯಾಂಪಿನ ಪಕ್ಕದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ್ದು ೧೯೮೭ರಲ್ಲಿ. ಎಂಟು ತಿಂಗಳಲ್ಲಿ ಆಕೆ ಮೂರು ಬಾಡಿಗೆ ಮನೆ ಬದಲಿಸಿದಳು. ಗೋಡೆಗೆ ಹಾಕಿದ ಬುದ್ಧನ ಪಟ ಕಂಡು ಜಾತಿ ಊಹಿಸಿದ ಮೇಲೆ ಮನೆ ಒಡತಿಯರ ಮಾತಿನ ಧಾಟಿಯೇ ಬದಲಾಗುತ್ತಿತ್ತು. “ಮಗಳ ಬಾಣಂತನ ಐತ್ರಿ, ಮನಿ ಬೇಕಾಗೈತಿ” ಎಂದು ಒಬ್ಬಾಕೆ ಹೇಳಿದಾಗ ಆ ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಅಂದಿನಿಂದ ಅಮರಮ್ಮ ಟ್ರಂಕಿನ ಸಾಮಾನು ಪೂರ್ತಿ ತೆಗೆಯುವುದನ್ನೇ ಬಿಟ್ಟಳು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ಮಾಡುವಾಗಲೂ ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಇರುತ್ತಿದ್ದಳು.

ಬಾಗಿಲ ಪಕ್ಕ ಒಂಟಿಯಾಗಿ ಕೂರುತ್ತಿದ್ದವಳು ಶೆಫಾಲಿ, ಬಂಗಾಲದ ಕಡೆಯಿಂದ ಬಂದು ಕ್ಯಾಂಪಿನಲ್ಲಿ ನೆಲೆನಿಂತ ಕುಟುಂಬದ ಹುಡುಗಿ. ಹಾಜರಿ ಕೂಗಿದರೆ ಕೈ ಎತ್ತುವಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಆಕೆ ಹಾದು ಹೋದರೆ ಮುದುಕಮ್ಮ ಎಂಬ ಬಾಯಿಬಡುಕಿ ಹುಡುಗಿ ಮೂಗು ಮುಚ್ಚಿಕೊಂಡು “ಮೀನು ಬಂತು” ಎನ್ನುವಳು, ಉಳಿದವರು ನಗುವರು. ಅಮರಮ್ಮ ಒಂದು ದಿನ ಮುದುಕಮ್ಮನಿಗೆ ಬೆತ್ತದ ರುಚಿ ತೋರಿಸಿದಳು. ನಗು ನಿಂತಿತು. ಆದರೆ ಶೆಫಾಲಿಯ ಸುತ್ತ ಖಾಲಿ ಜಾಗ ಇನ್ನೂ ಒಂದು ಮಾರು ಹಿಗ್ಗಿತು. ಹೊಡೆದದ್ದು ತಪ್ಪಾಯಿತೆಂದು ಅಮರಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಆಕೆ ಒಂದು ದೊಡ್ಡ ನೋಟುಬುಕ್ಕು ತಂದು ಹಾಳೆಯ ತುಂಬ ಚೌಕಗಳನ್ನು ಎಳೆದಳು. ಮೊದಲ ಚೌಕದಲ್ಲಿ ಲಾರಿಯಿಂದ ಇಳಿಯುವ ಹುಡುಗಿ, ಎರಡನೆಯದರಲ್ಲಿ ಕಾಲುವೆ ದಂಡೆಯ ಮೇಲೆ ನಿಂತು ನೋಡುವ ಇನ್ನೊಬ್ಬಳು. ಇಬ್ಬರ ಬಾಯಿಯ ಮುಂದೆಯೂ ಮಾತಿನ ಗುಳ್ಳೆ ಬರೆದು ಖಾಲಿ ಬಿಟ್ಟಳು.

“ಇವ್ರು ಏನ್ ಮಾತಾಡಾಕತ್ಯಾರ, ನೀವೇ ಬರೀರಿ” ಎಂದು ಪುಸ್ತಕವನ್ನು ಮುದುಕಮ್ಮನ ಕೈಗೇ ಕೊಟ್ಟಳು.

ಮುದುಕಮ್ಮ ಪೆನ್ಸಿಲ್ ಕಚ್ಚಿ ಕಚ್ಚಿ ದಂಡೆಯ ಹುಡುಗಿಯ ಗುಳ್ಳೆಯಲ್ಲಿ ‘ನೀ ಯಾರು’ ಎಂದು ಬರೆದಳು. ಲಾರಿಯ ಹುಡುಗಿ ಏನನ್ನಬೇಕೆಂದು ಯಾರಿಗೂ ತೋಚಲಿಲ್ಲ. ಪುಸ್ತಕ ಕೈಯಿಂದ ಕೈಗೆ ದಾಟಿ ಬಾಗಿಲ ತನಕ ಬಂತು. ಶೆಫಾಲಿ ಬಹಳ ಹೊತ್ತು ನೋಡಿ, ದುಂಡನೆಯ ಅಕ್ಷರದಲ್ಲಿ ಏನೋ ಬರೆದಳು.

“ಓದಿ ಹೇಳವ್ವಾ” ಎಂದಳು ಅಮರಮ್ಮ.

ಶೆಫಾಲಿ ಎದ್ದು ನಿಂತಳು. “ಎರಡು ವರ್ಸದಿಂದ ನಿಮ್ಮ ಹಿಂದೇ ಕುಂತೀನಿ. ಈಗ ಕೇಳಾಕತ್ತೀರೇನು?”

ತಪ್ಪಿಲ್ಲದ ಕನ್ನಡ, ಅದೂ ಸಿಂಧನೂರಿನದೇ! ಮುದುಕಮ್ಮ ಎದ್ದು ಹೋಗಿ ಪುಸ್ತಕದೊಳಗೆ ಇಣುಕಿದಳು. “ಏ, ನನ್ನಕಿಂತ ಚಂದ ಬರದಾಳಲೇ! ಸರಿ, ಜಾಗ ಬಿಡು” ಎಂದು ಅಲ್ಲೇ ಪಕ್ಕದಲ್ಲಿ ಕೂತುಬಿಟ್ಟಳು. ಮುಂದಿನ ಚೌಕದಲ್ಲಿ ಏನಾಗಬೇಕೆಂದು ಇಬ್ಬರಿಗೂ ಆಗಲೇ ಜಗಳ ಹತ್ತಿತು.

ದಿನಕ್ಕೊಂದು ಪುಟ ಬೆಳೆಯಿತು. ಹೆಡ್‌ಮಾಸ್ತರ್ ಗೋಪಣ್ಣ ಒಮ್ಮೆ ಬಂದು, “ಗೊಂಬಿ ಬರಿಯಾಕ ಸರಕಾರ ಪಗಾರ ಕೊಡ್ತೈತೇನ್ರಿ?” ಎಂದು ಗದರಿದರು. ಆದರೂ ಪುಸ್ತಕವನ್ನು ಕೈಗೆತ್ತಿಕೊಂಡವರು ಕೊನೆಯ ಪುಟದವರೆಗೂ ನಿಂತೇ ಓದಿದರು.

ಕಥೆ ಮುಗಿದ ವರ್ಷವೇ ಅಮರಮ್ಮನಿಗೆ ಲಿಂಗಸುಗೂರಿಗೆ ವರ್ಗವಾಯಿತು. ಪುಸ್ತಕ ಯಾರ ಬಳಿ ಇರಬೇಕೆಂದು ಮಕ್ಕಳು ಕಿತ್ತಾಡಿದ್ದು ಆಕೆಯ ತಲೆಯಿಂದ ಹೋಗಲಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಸಿಗಲೆಂದು, ಪುಸ್ತಕ ಹಿಡಿದು ಲಿಂಗಸುಗೂರಿನಲ್ಲಿ ನಕಲು ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ನಡೆಸುತ್ತಿದ್ದ ಅಮೀನ್‌ಸಾಬ್‌ರ ಬಳಿ ಹೋಗಿ, ಮೇಣದ ಹಾಳೆಯ ಮೇಲೆ ಮೊಳೆಯಂಥ ಪೆನ್ನಿನಿಂದ ಚಿತ್ರ ಕೊರೆಯುವುದನ್ನು ಕಲಿತಳು. ಮೊದಮೊದಲು ಹಾಳೆ ಹರಿದು, ಮಸಿ ಸೋರಿ, ಹುಡುಗಿಯರ ಮುಖವೆಲ್ಲ ಕಪ್ಪಾಯಿತು.

“ಆರಾಮ್ ಮಾಡವ್ವಾ, ಯಾಕಿಷ್ಟು ಜಲ್ದಿ?” ಎಂದರು ಅಮೀನ್‌ಸಾಬ್.

“ಮತ್ತ ವರ್ಗ ಆಗೋದ್ರೊಳಗ ಮುಗಸಬೇಕ್ರಿ.”

೧೯೯೧ರ ಬೇಸಿಗೆಯಲ್ಲಿ ಅರವತ್ತು ಪ್ರತಿ ತಯಾರಾದವು. ದಬ್ಬಣದಲ್ಲಿ ತಾನೇ ಹೊಲಿದು, ರಜೆ ಮುಗಿದ ಮೇಲೆ ಜೋಳಿಗೆಯಲ್ಲಿ ತುಂಬಿಕೊಂಡು, ಮುದಗಲ್, ಮಸ್ಕಿ, ತುರ್ವಿಹಾಳದ ಶಾಲೆಗಳಿಗೆ ಬಸ್ಸಿನಲ್ಲಿ ಹಂಚುತ್ತ ತಿರುಗಿದಳು. ಮಸ್ಕಿಯಲ್ಲಿ ಒಬ್ಬ ಮಾಸ್ತರರು ಕಟ್ಟನ್ನು ಬಿಚ್ಚದೆಯೇ ಹಿಂದಿರುಗಿಸಿದರು. ತುರ್ವಿಹಾಳದಲ್ಲಿ ಮಕ್ಕಳು ಬಸ್‌ ನಿಲ್ದಾಣದವರೆಗೂ ಬೆನ್ನು ಹತ್ತಿ, “ಎರಡನೇದು ಯಾವಾಗ್ರೀ?” ಎಂದು ಕಾಡಿದರು. ಉಳಿದ ಪ್ರತಿಗಳನ್ನು ಕ್ಯಾಂಪಿನ ಮಕ್ಕಳಿಗೆ ಒಯ್ಯಲು ಹತ್ತಿದ ಸಿಂಧನೂರಿನ ಬಸ್ಸು ಹೊರಡುವ ಮೊದಲೇ ಅಮರಮ್ಮ ಟಿಕೆಟ್ಟಿನ ಹಿಂದೆ ಹೊಸ ಚೌಕವೊಂದನ್ನು ಎಳೆಯತೊಡಗಿದ್ದಳು.